ಗಿರಣಿ ಹಲಗೆಯ ಮೇಲಿನ ಬಂಗಾರ

ಈ ಸಲದ ವಿಜಯದಶಮಿಯ ಬೆಳಿಗ್ಗೆ ನಾನಿನ್ನೂ ಚಹಾದ ಬಟ್ಟಲಿಗೆ ಕೈ ಹಚ್ಚಿರಲಿಲ್ಲ, ಅಷ್ಟರಲ್ಲೇ ಮೇಜಿನ ಮೇಲಿದ್ದ ಫೋನು ಗುಂಯ್‌ಗುಡಲು ಶುರುವಿಟ್ಟುಕೊಂಡಿತು. ನಿಮ್ಮ ಮನೆಯಲ್ಲೂ ಇದೇ ಕಥೆ ಇರಬೇಕು. ಈಗೆಲ್ಲ ಹಬ್ಬ ಮೊದಲು ಫೋನಿಗೆ ಬರುತ್ತದೆ, ಆಮೇಲೆ ಮನೆಗೆ ಬರುತ್ತದೆ. ನಮ್ಮ ಬಳಗದ ಗುಂಪಿನಲ್ಲಿ ಬೈಲಹೊಂಗಲದ ನಾವಿದ್ದೇವೆ, ಮನೋಳಿಯವರಿದ್ದಾರೆ, ರಾಮದುರ್ಗದ ಬೀಗರಿದ್ದಾರೆ, ಆ ಬೀಗರ ಬೀಗರೂ ಯಾವಾಗಲೋ ಬಂದು ಕೂತಿದ್ದಾರೆ. ಸಿಂಹದ ಮೇಲೆ ಕುಳಿತ ದೇವಿ, ಗಿರಗಿರ ತಿರುಗುವ ಹೂವು, ಮಿಣಮಿಣ ಎನ್ನುವ ದೀಪ ಒಂದರ ಹಿಂದೆ ಒಂದು ಬರುತ್ತಿದ್ದವು. ಕಟಕೋಳದ ಭಾವನವರು ಕಳಿಸಿದ್ದರಲ್ಲಿ ದೀಪಾವಳಿಯ ಶುಭಾಶಯವಿತ್ತು. ತಿದ್ದಬೇಕೆಂದು ಬೆರಳು ತುರಿಸಿತು, ಹಬ್ಬದ ದಿನ ಯಾಕೆಂದು ಸುಮ್ಮನಾದೆ. ಮೂವತ್ತು ವರ್ಷ ಸಾಲಿಯಲ್ಲಿ ಟೀಚರಾಗಿ ಕೆಂಪು ಶಾಯಿ ಹಿಡಿದವಳಿಗೆ ಸುಮ್ಮನಾಗುವುದು ಸಣ್ಣ ಕೆಲಸವಲ್ಲ.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಹಬ್ಬದ ಶುಭಾಶಯವನ್ನು ಯಾರೂ ಬರಿದೇ ಕಳಿಸುವುದಿಲ್ಲ. ಅದರ ಕೆಳಗೆ ಲೋಕದ ಒಂದು ಸೋಜಿಗದ ಸುದ್ದಿ ಇರಲೇಬೇಕು. ಯಾವುದೋ ಹಕ್ಕಿ ನೆಲಕ್ಕಿಳಿಯದೆ ತಿಂಗಳುಗಟ್ಟಲೆ ಹಾರುತ್ತದೆ, ಯಾವುದೋ ಗ್ರಹದ ಒಂದು ದಿನ ಅದರ ಒಂದು ವರ್ಷಕ್ಕಿಂತ ಉದ್ದ, ಇಂಥವು. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಬೆರಗಾಗುತ್ತಾರೆ, ಎರಡು ಹಬ್ಬ ಕಳೆಯುವಷ್ಟರಲ್ಲಿ ತಾವೇ ಸುದ್ದಿ ಹುಡುಕಲು ತೊಡಗುತ್ತಾರೆ. ಈ ಪದ್ಧತಿ ಫೋನಿನಿಂದ ಬಂದದ್ದಲ್ಲ. ಮನೋಳಿಯ ನನ್ನ ಸೋದರತ್ತೆ ಗೌರತ್ತೆಯ ಹಿಟ್ಟಿನ ಗಿರಣಿಯಿಂದ ಬಂದದ್ದು. ಇದನ್ನು ಹೇಳುವಾಗ ನನ್ನ ಎದೆ ತುಸು ಉಬ್ಬುತ್ತದೆ. ಉಬ್ಬಲಿ ಬಿಡಿ, ಕಿತ್ತೂರ ಸೀಮೆಯವರು ನಾವು, ಅಭಿಮಾನವನ್ನು ಮುಚ್ಚಿಡುವುದು ನಮಗೆ ಬರುವುದಿಲ್ಲ.

ಚಹಾ ಕುಡಿಯುತ್ತ ನೋಡುತ್ತಿದ್ದಂತೆ ಗೌರತ್ತೆಯ ಮಗಳು ಕಸ್ತೂರಿಯ ಸಂದೇಶ ಬಂತು. ಈಗ ಆ ಗಿರಣಿ ನಡೆಸುವವಳು ಅವಳೇ. ಬನ್ನಿ ಎಲೆಯ ಚಿತ್ರ, ದಸರೆಯ ಶುಭಾಶಯ, ಅದರ ಕೆಳಗೆ ಯಾವುದೋ ಪತ್ರಿಕೆಯ ತುಣುಕು. ಆಸ್ಟ್ರೇಲಿಯಾದ ಒಂದು ಕಡೆ ನೀಲಗಿರಿ ಮರಗಳ ಎಲೆಯಲ್ಲಿ ಬಂಗಾರದ ಕಣಗಳು ಸಿಕ್ಕಿವೆ, ನೆಲದಾಳದಲ್ಲಿರುವ ಬಂಗಾರ ಬೇರಿನ ಮೂಲಕ ಎಲೆಗೆ ಬರುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ ಎಂಬ ಸುದ್ದಿ. ಕೊನೆಗೆ ಕಸ್ತೂರಿ ತನ್ನದೇ ಮಾತು ಬರೆದಿದ್ದಳು: “ನಮ್ಮವ್ವ ಐವತ್ತ ವರ್ಷದ ಹಿಂದ ಬನ್ನಿ ಎಲಿಯೊಳಗ ಬಂಗಾರ ಐತಿ ಅಂತ ಗಿರಣಿ ಹಲಗಿ ಮ್ಯಾಲ ಬರದಿದ್ಲು. ಸುಳ್ಳು ಅಂತ ಊರ ಮಂದಿ ನಕ್ರು. ನಮ್ಮವ್ವ ತಪ್ಪಾತು ಅಂತ ಬರೀಬೇಕಾತು. ಆವತ್ತ ನಕ್ಕವರು ಇವತ್ತ ಓದ್ರಿ.”

ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆ. “ಗೌರಜ್ಜಿ ಅಂದ್ರ ಗೌರಜ್ಜಿ” ಎಂದರು. “ಅಜ್ಜಿಗೆ ಸನ್ಮಾನ ಮಾಡೂಣ್ರಿ” ಎಂದರು. ಸಂಗೊಳ್ಳಿಗೆ ಕೊಟ್ಟ ತಮ್ಮನ ಮಗಳು ಮಾತ್ರ ಜಾಣೆ, ನನ್ನ ಕಡೆ ತಿರುಗಿ ಕೇಳಿದಳು: “ಅತ್ತಿ, ನೀವು ಸಾಯನ್ಸ್ ಟೀಚರು ಅದೀರಿ. ಇದು ಖರೇ ಏನ್ರಿ? ನೀವು ಹೂಂ ಅಂದ್ರ ನಾವೂ ಹೂಂ.”

ನಾನು ಹುಡುಕಿ ನೋಡಿದೆ. ನೀಲಗಿರಿಯ ಸುದ್ದಿ ಖರೆಯೇ. ಬರದ ನಾಡಿನ ಮರ, ನೀರಿಗಾಗಿ ಬೇರನ್ನು ಬಲು ಆಳಕ್ಕೆ ಇಳಿಸುತ್ತದೆ, ನೀರಿನ ಜೊತೆ ಬಂಗಾರದ ಧೂಳನ್ನೂ ಹೀರುತ್ತದೆ, ತನಗೆ ಒಗ್ಗದ ಅದನ್ನು ಎಲೆಗೆ ಸಾಗಹಾಕುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ನೂರಾರು ಮರ ಬೋಳಿಸಿದರೂ ಒಂದು ಉಂಗುರವಾದರೆ ಹೆಚ್ಚು. ನಮ್ಮ ಬನ್ನಿಯೂ ಆಳಕ್ಕೆ ಬೇರು ಬಿಡುವ ಗಿಡವೇ. “ಹೌದು, ಖರೆ” ಎಂದು ಬರೆದರೆ ಎಲ್ಲರಿಗೂ ಸಂತೋಷ. ಎಂಬತ್ತೈದರ ಗೌರತ್ತೆಗೆ ಕಳೆದುಹೋದ ಮಾನ ಮರಳಿ ಬಂದಂತೆ, ಮಗಳಿಗೆ ಹಬ್ಬದ ಮೇಲೆ ಹಬ್ಬ. ಬರೆದೆ ಕೂಡ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ನಿಂತುಬಿಟ್ಟಿತು.

ಯಾಕೆಂದರೆ ಐವತ್ತು ವರ್ಷದ ಹಿಂದೆ ಆ ಹಲಗೆಯ ಮೇಲೆ ಬಂದ ಸುದ್ದಿ ಗೌರತ್ತೆಯದಲ್ಲ, ಯಾವ ವಿಜ್ಞಾನಿಯದೂ ಅಲ್ಲ. ಅದನ್ನು ಕಟ್ಟಿದವಳು ನಾನು. ಅದು ಗೊತ್ತಿದ್ದದ್ದು ಗೌರತ್ತೆಗೆ ಮತ್ತು ನನಗೆ, ಇಬ್ಬರಿಗೇ. ಅವಳು ಯಾರ ಮುಂದೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ನಡೆದದ್ದನ್ನು ನಿಮಗೆ ಹೇಳುತ್ತೇನೆ. ಗಿರಣಿಯಿಂದಲೇ ಶುರು ಮಾಡಬೇಕಾಗುತ್ತದೆ.

ಗಿರಣಿ ಮನೋಳಿಯಲ್ಲಿ ಹೊಳೆಯ ಕಡೆ ಹೋಗುವ ದಾರಿಯ ಮೇಲಿತ್ತು. ಅತ್ತೆಯ ಗಂಡ, ನಮ್ಮ ಮಾಮಾ, ಯಂತ್ರ ನೋಡಿಕೊಳ್ಳುತ್ತಿದ್ದರು. ಅದರ ಸದ್ದಿನಲ್ಲೇ ವರ್ಷಗಟ್ಟಲೆ ನಿಂತು ಅವರ ಕಿವಿ ಅರ್ಧ ಹೋಗಿತ್ತು, ಮಿಕ್ಕರ್ಧವನ್ನು ಅವರು ತಮಗೆ ಬೇಕಾದ ಮಾತಿಗೆ ಮಾತ್ರ ಬಳಸುತ್ತಿದ್ದರು. ಹೊರಗಿನ ವ್ಯವಹಾರವೆಲ್ಲ ಅತ್ತೆಯದು. ಜೋಳದ ಬುಟ್ಟಿ, ಗೋದಿಯ ಡಬ್ಬಿ, ಕಡಲೆಯ ಚೀಲ ಸಾಲಾಗಿ ಇಡಿಸಿ ಪಾಳಿ ನೋಡುವವಳು ಅವಳು. ಗೋಡೆಗೆ ಒಂದು ಕರಿಹಲಗೆ. ಮೊದಲು ಅದರ ಮೇಲೆ “ಇಂದು ಕರೆಂಟು ಇಲ್ಲ”, “ಇಂದು ಖಾರ ಬೀಸುವುದಿಲ್ಲ” ಎಂದಷ್ಟೇ ಇರುತ್ತಿತ್ತಂತೆ. ಆದರೆ ಹಬ್ಬದ ಮುಂದೆ ಗಿರಣಿಯಲ್ಲಿ ಪಾಳಿಗಾಗಿ ನಡೆಯುವ ಜಗಳ ನೀವು ನೋಡಬೇಕಿತ್ತು. ಒಬ್ಬಳ ಬುಟ್ಟಿ ಇನ್ನೊಬ್ಬಳ ಡಬ್ಬಿಗಿಂತ ಒಂದು ಗೇಣು ಮುಂದೆ ಸರಿದರೆ ಸಾಕು, ಮೂರು ತಲೆಮಾರಿನ ಮಾತು ಹೊರಗೆ ಬರುತ್ತಿತ್ತು. ಅತ್ತೆ ಇದಕ್ಕೆ ಮದ್ದು ಕಂಡುಹಿಡಿದಳು. ಹಬ್ಬದ ಶುಭಾಶಯ ಬರೆದು ಅದರ ಕೆಳಗೆ ಜಗತ್ತಿನ ಒಂದು ಸೋಜಿಗ ಬರೆಯತೊಡಗಿದಳು.

“ಬುಟ್ಟಿ ಸಲುವಾಗಿ ಬಡದಾಡೂದರ ಬದ್ಲಿ ತಿಮಿಂಗಲದ ಸಲುವಾಗಿ ಬಡದಾಡ್ಲಿ ಅಂತ ಹಚ್ಚೇನಿ” ಎಂದು ನಮ್ಮಪ್ಪನಿಗೆ ಹೇಳುತ್ತಿದ್ದಳು.

ಏಳನೇ ಇಯತ್ತೆ ಕಲಿತ ಹೆಂಗಸು. ಆದರೆ ಓದುವ ಹುಚ್ಚು ಎಷ್ಟಿತ್ತೆಂದರೆ ಕಿರಾಣಿ ಅಂಗಡಿಯಿಂದ ಸಕ್ಕರೆ ಕಟ್ಟಿಕೊಂಡು ಬಂದ ಕಾಗದವನ್ನು ಸಕ್ಕರೆಗಿಂತ ಮೊದಲು ಬಿಚ್ಚಿ ಸರಿಮಾಡುತ್ತಿದ್ದಳು. ಸುದ್ದಿ ಎಲ್ಲಿಂದ ಬಂದರೂ ಬರಲಿ, ಎರಡನೆಯವರನ್ನು ಕೇಳದೆ ಹಲಗೆಗೆ ಏರಿಸುವವಳಲ್ಲ. ಪತ್ರಿಕೆಯಲ್ಲಿ ಬಂದದ್ದಾದರೆ ಹೈಸ್ಕೂಲಿನ ಮಾಸ್ತರರನ್ನು ಕೇಳುವುದು, ಮಾಸ್ತರರು ಹೇಳಿದ್ದಾದರೆ ಪುಸ್ತಕದಲ್ಲಿ ತೋರಿಸಿರಿ ಎನ್ನುವುದು. ದನಗಳ ಡಾಕ್ಟರರು ಜೋಳ ಬೀಸಲು ಆಳನ್ನು ಕಳಿಸಿದರೆ, ಹಿಟ್ಟಿನ ಜೊತೆ ಒಂದು ಪ್ರಶ್ನೆಯ ಚೀಟಿಯೂ ಹೋಗುತ್ತಿತ್ತು. ಉತ್ತರ ಬರುವವರೆಗೆ ಹಲಗೆಯ ಮೇಲೆ ಶುಭಾಶಯ ಒಂದೇ ಇರುತ್ತಿತ್ತು.

ಕಾರಹುಣ್ಣಿಮೆಗೆ ಒಮ್ಮೆ ಹೀಗೆ ಬರೆದಿದ್ದಳು: ಎತ್ತಿಗೆ ಕೆಂಪು ಬಣ್ಣ ನಮಗೆ ಕಾಣುವಂತೆ ಕಾಣುವುದಿಲ್ಲ. ಕೊಂಬಿಗೆ ಬಳಿಯಲು ಕೆಂಪು ಬಣ್ಣ ತೆಗೆದುಕೊಂಡು ಹೊರಟಿದ್ದ ರೈತನೊಬ್ಬ ಹಲಗೆಯ ಮುಂದೆ ನಿಂತು ಕೇಳಿದ, “ಹಂಗಾದ್ರ ನಾ ಯಾರ ಸಲುವಾಗಿ ಬಳ್ಯಾಕ ಹತ್ತೇನ್ರಿ ಗೌರಕ್ಕಾರ?” ಅತ್ತೆ ಹಿಟ್ಟು ಜಾಡಿಸುತ್ತ ಅಂದಳು, “ನಿನ್ನ ಸಲುವಾಗಿ. ಎತ್ತು ಕೇಳಿತ್ತೇನು?” ರಮಜಾನಿಗೆ, ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ ಎಂದು ಬರೆದಾಗ, “ನಮ್ಮ ಸಾವಕಾರ ಹಂಗಽ ನೋಡವಾ, ಇನ್ನೊಂದು ಮುಖಾ ಮನ್ಯಾಗ ತೋರಸ್ತಾನ” ಎಂದು ಒಬ್ಬಾಕೆ ನಗಿಸಿ ನಗಿಸಿ ಇಟ್ಟಳು. ಓದು ಬಾರದವರಿಗೆ ಓದು ಬಂದವರು ಓದಿ ಹೇಳಬೇಕು, ಅದು ಗಿರಣಿಯ ನಿಯಮ. ಪಾಳಿಯ ಜಗಳ ನಿಂತೇಹೋಯಿತೆಂದು ಹೇಳಲಾರೆ, ಆದರೆ ಜಿರಾಫೆಯ ಕುತ್ತಿಗೆಯಲ್ಲೂ ನಮ್ಮಷ್ಟೇ ಎಲುಬು ಎಂಬುದನ್ನು ಮನೋಳಿಯ ಹೆಂಗಸರು ಜೋಳ ಬೀಸಿಸುತ್ತಲೇ ಕಲಿತರು. ನಮ್ಮ ಊರಿನ ದೊಡ್ಡ ಪೇಟೆಯಲ್ಲಿ ಅಂಥ ಹಲಗೆ ಇರಲಿಲ್ಲ. ಸವದತ್ತಿಯಲ್ಲೂ ಇರಲಿಲ್ಲ. “ಗೌರವ್ವನ ಹಲಗಿ ಮ್ಯಾಲ ಬಂದೈತಿ” ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ದಸರೆಯ ಸೂಟಿಗೆ ನಾನು ಬೈಲಹೊಂಗಲದಿಂದ ಮನೋಳಿಗೆ ಹೋಗುತ್ತಿದ್ದೆ. ಆ ವರ್ಷ ನನಗೆ ಹನ್ನೊಂದು, ಕಸ್ತೂರಿಗೆ ಒಂಬತ್ತು. ಹಬ್ಬದ ಅಡುಗೆಯಲ್ಲಿ ಅತ್ತೆಗೆ ಕೈ ಬಿಡುವಿಲ್ಲದ್ದರಿಂದ ಸುದ್ದಿ ತರುವ ಕೆಲಸ ನಮ್ಮಿಬ್ಬರಿಗೆ ಬಂದಿತ್ತು. ಮಹಾನವಮಿಯ ದಿನ ಕಸ್ತೂರಿ ಮಾಸ್ತರರ ಮನೆಗೆ ಹೋಗಿ, ಅಷ್ಟಪದಿ ಎಂಬ ಕಡಲಪ್ರಾಣಿಗೆ ಮೂರು ಹೃದಯ ಇರುತ್ತವೆ ಎಂಬ ಸುದ್ದಿ ತಂದಳು. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಬಂದವರೆಲ್ಲ ಅದನ್ನೇ ಆಡಿದ್ದು. “ಒಂದನ್ನ ಸಂಬಾಳಿಸೂದು ನಮಗ ಸಾಕಾಗೇತಿ, ಅದಕ್ಕ ಮೂರಂತ” ಎಂದು ಮುದುಕಿಯರು ನಕ್ಕರು. ಕಸ್ತೂರಿಯ ಗಲ್ಲ ಹಿಂಡಿದರು, ಶಾಬಾಸ್ ಅಂದರು, ಒಬ್ಬರು ಕೈಯಲ್ಲಿ ಬೆಲ್ಲದ ಉಂಡಿ ಇಟ್ಟರು. ನಾನು ಪೇಟೆಯಿಂದ ಬಂದವಳು, ದೊಡ್ಡವಳು, ಇಂಗ್ಲಿಷ್ ಅಕ್ಷರ ಬರೆಯಬಲ್ಲವಳು. ನನ್ನ ಕಡೆ ಯಾರೂ ನೋಡಲಿಲ್ಲ. ಆ ಉಂಡಿಯ ಅರ್ಧವನ್ನು ಕಸ್ತೂರಿ ನನಗೆ ಕೊಟ್ಟಳು, ನಾನು ಹೊಟ್ಟೆನೋವೆಂದು ಬೇಡವೆಂದೆ. ಹೊಟ್ಟೆಯಲ್ಲಿ ಏನು ನೋಯುತ್ತಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮರುದಿನ ವಿಜಯದಶಮಿ, ಸುದ್ದಿ ತರುವ ಪಾಳಿ ನನ್ನದು. ಬಸ್ ನಿಲ್ದಾಣದ ಚಹಾದಂಗಡಿಗೆ ಬರುವ ಪತ್ರಿಕೆ ನೋಡಬೇಕೆಂದು ಎಲ್ಲರಿಗಿಂತ ಮೊದಲೇ ಎದ್ದು ಹೋದೆ. ಸವದತ್ತಿಯ ಬಸ್ಸು ಬಂತು, ಹೋಯಿತು. ಪತ್ರಿಕೆಯ ಕಟ್ಟು ಇಳಿಯಲಿಲ್ಲ. ಆಯುಧ ಪೂಜೆಗೆ ಛಾಪಖಾನೆಗಳು ಯಂತ್ರ ನಿಲ್ಲಿಸುತ್ತವೆ, ಮರುದಿನ ಪತ್ರಿಕೆ ಇರುವುದಿಲ್ಲ ಎಂಬುದು ಪೇಟೆಯ ಜಾಣೆಗೆ ಗೊತ್ತಿರಲಿಲ್ಲ. ಬರಿಗೈಯಲ್ಲಿ ಮರಳುವುದೆಂದರೆ ಕಸ್ತೂರಿಯ ಮೂರು ಹೃದಯದ ಮುಂದೆ ನನ್ನ ಸೊನ್ನೆ. ನಿಲ್ದಾಣದ ಕಟ್ಟೆಯ ಮೇಲೆ ಕೂತೆ. ಆವತ್ತು ಇಡೀ ಊರು ಸಂಜೆ ಬನ್ನಿ ಗಿಡಕ್ಕೆ ಹೋಗುತ್ತದೆ, ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುತ್ತದೆ. ಸುದ್ದಿ ತಾನಾಗಿಯೇ ತಲೆಯಲ್ಲಿ ಕೂಡಿಕೊಂಡಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಮನೆಯ ತನಕ ಓಡಿದೆ.

ಅತ್ತೆಯ ಎರಡೂ ಕೈ ಹೋಳಿಗೆಯ ಕಣಕದಲ್ಲಿದ್ದವು.

“ಅತ್ತಿ, ಬನ್ನಿ ಎಲಿಯೊಳಗ ಖರೇ ಬಂಗಾರ ಐತಂತ. ಪರದೇಶದ ವಿಜ್ಞಾನಿಗಳು ಕಂಡುಹಿಡದಾರಂತ.”

ಅತ್ತೆ ತಲೆ ಎತ್ತಿದಳು. “ಯಾರು ಹೇಳಿದ್ರು?”

“ಪೇಪರಿನ್ಯಾಗ ಬಂದೈತಿ.”

“ಪೇಪರ್ ಎಲ್ಲೈತಿ?”

“ಚಹಾದಂಗಡ್ಯಾಗ. ಮಂದಿ ಓದಾಕ ಹತ್ತಿದ್ರು, ಕೊಡಲಿಲ್ಲ.”

“ನೀ ಕಣ್ಣಿಂದ ನೋಡಿಯೇನು?”

“ನೋಡೇನಿ.”

ಕೈ ತೊಳೆದು ಮಾಸ್ತರರ ಕಡೆ ಹೋಗಬೇಕೆಂದು ಅವಳ ಮನಸ್ಸಿನಲ್ಲಿ ಬಂದದ್ದು ಮುಖದ ಮೇಲೆ ಕಾಣಿಸಿತು. ಒಳಗೆ ನೈವೇದ್ಯಕ್ಕೆ ಹೊತ್ತಾಗಿತ್ತು, ಮಾಸ್ತರರು ಹಿಂದಿನ ಸಂಜೆಯೇ ಹಬ್ಬಕ್ಕೆ ತಮ್ಮ ಊರಿಗೆ ಹೊರಟುಹೋಗಿದ್ದರು. ಅಣ್ಣನ ಮಗಳು, ಕಣ್ಣಿಂದ ನೋಡಿದ್ದೇನೆ ಎನ್ನುತ್ತಿದ್ದಾಳೆ. “ಬರಿ ಹಂಗಾದ್ರ, ನಿನ್ನ ಅಕ್ಷರ ಚಂದ ಅದಾವ” ಎಂದು ನನ್ನ ಕೈಗೇ ಸೀಮೆಸುಣ್ಣದ ಖಡು ಕೊಟ್ಟಳು. ಹಲಗೆ ತುಂಬ ದೊಡ್ಡ ಅಕ್ಷರದಲ್ಲಿ ಬರೆದೆ. ಅಷ್ಟು ಚಂದದ ಅಕ್ಷರ ನಾನು ಆಮೇಲೆ ಯಾವ ಪರೀಕ್ಷೆಯಲ್ಲೂ ಬರೆದಿಲ್ಲ.

ಗಿರಣಿ ಆವತ್ತು ಬಂದ್ ಇದ್ದರೂ ಬನ್ನಿ ಗಿಡದ ದಾರಿ ಅದರ ಮುಂದೆಯೇ. ಮಧ್ಯಾಹ್ನದಿಂದಲೇ ಮಂದಿ ಹಲಗೆಯ ಮುಂದೆ ನಿಂತರು. ನಿಂತವರು ಮನೆಗೆ ಮರಳಿ ಹೋದರು. ಹೋದವರು ಚೀಲ ಹಿಡಿದು ಬಂದರು. ಪ್ರತಿ ವರ್ಷ ಕೈ ಮುಗಿದು ಒಂದು ಎಸಳು ಮುರಿದುಕೊಂಡು ಬರುವ ಮಂದಿ ಆವತ್ತು ಕುಡುಗೋಲು ತಂದಿದ್ದರು. ಬನ್ನಿಗೆ ಮುಳ್ಳು. ಒಬ್ಬ ಹಿರಿಯರು ಗಿಡ ಹತ್ತಿ ಧೋತರ ಹರಿದುಕೊಂಡರು, ಇಳಿಯಲಾಗದೆ ಮೇಲಿಂದಲೇ “ಚೀಲ ಹಿಡೀರಿ” ಎಂದು ಕೂಗುತ್ತಿದ್ದರು. ಮುರಿಯಬೇಡಿರೆಂದು ಪೂಜಾರಿ ಹೇಳಿದರೆ, “ಗೌರವ್ವನ ಹಲಗಿ ಮ್ಯಾಲ ಬಂದೈತ್ರಿ” ಎಂಬ ಉತ್ತರ. ಹೊತ್ತು ಮುಳುಗುವಷ್ಟರಲ್ಲಿ ಗಿಡ ಬೋಳಾಯಿತು, ಎರಡು ದೊಡ್ಡ ಟೊಂಗೆ ಮುರಿದು ನೆಲಕ್ಕೆ ಬಿದ್ದವು. ಬನ್ನಿ ಕೊಡಲು ನಮ್ಮ ಮನೆಗೆ ಬಂದವರು ಎರಡೇ ಎಸಳು ಕೊಟ್ಟರು. ಖರೇ ಬಂಗಾರವಾದ ಮೇಲೆ ಯಾರು ತಾನೇ ಹಂಚುತ್ತಾರೆ, ಹೇಳಿ. ನನಗೆ ಶಾಬಾಸ್ ಸಿಕ್ಕಿತು. ಉಂಡಿಯೂ ಸಿಕ್ಕಿತು. ನುಂಗಲಾಗಲಿಲ್ಲ.

ಮರುದಿನ ಬೆಳಿಗ್ಗೆ ಬಂಗಾರದ ಕೆಲಸದ ಪತ್ತಾರರು ಒಂದು ಕಾಗದದ ಪೊಟ್ಟಣ ಹಿಡಿದುಕೊಂಡು ಗಿರಣಿಗೆ ಬಂದರು. ಊರ ಮಂದಿ ಅವರ ಅಂಗಡಿಯ ಮುಂದೆ ಬನ್ನಿಯ ಗಂಟು ಇಟ್ಟುಕೊಂಡು ಕೂತಿದ್ದರಂತೆ. ಅವರು ಎಲ್ಲರೆದುರೇ ಒಂದು ಗಂಟು ಸುಟ್ಟು, ಮೂಸೆಗೆ ಹಾಕಿ, ಊದಿ ಊದಿ ನೋಡಿದ್ದರು.

“ಗೌರಕ್ಕಾರ, ನಿಮ್ಮ ಬಂಗಾರ ತಗೋರಿ” ಎಂದು ಪೊಟ್ಟಣ ಬಿಚ್ಚಿದರು. ಬೂದಿ. “ನಾ ನಗಾಕ ಬಂದಿಲ್ರಿ. ಎರಡು ಟೊಂಗಿ ಹೋದುವಲ್ರೀ, ಗಿಡಾ ನೋಡಿ ಹೊಟ್ಟಿ ಉರೀತು. ಈ ಸುದ್ದಿ ಎಲ್ಲಿಂದ ತಂದ್ರಿ?”

ಅತ್ತೆ ನನ್ನ ಕೈ ಹಿಡಿದುಕೊಂಡು ಚಹಾದಂಗಡಿಗೆ ನಡೆದಳು. ನಿನ್ನೆಯ ಪತ್ರಿಕೆ ಕೊಡಿರಿ ಎಂದು ಕೇಳಿದಳು. ಅಂಗಡಿಯವನು ಸ್ಟೋವಿಗೆ ಗಾಳಿ ಹೊಡೆಯುತ್ತ ಅಂದ, “ನಿನ್ನೆ ಎಲ್ಲಿ ಪೇಪರ್ ಬಂದೈತ್ರಿ ಅಕ್ಕಾರ? ಖಂಡಿ ಪೂಜಿಗಿ ಸೂಟಿ ಇತ್ತಲ್ರಿ.”

ಅತ್ತೆ ನನ್ನ ಮುಖ ನೋಡಿದಳು. ಹೊಡೆಯುತ್ತಾಳೆಂದು ಕಾದೆ, ಹೊಡೆದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಮರಳಿ ಬರುವಾಗ ಒಂದೇ ಸಲ “ಯಾಕ?” ಎಂದು ಕೇಳಿದಳು. ನಾನು ಅಳುತ್ತ, “ಕಸ್ತೂರಿಗಿ ಎಲ್ಲಾರೂ ಶಾಬಾಸ್ ಅಂದ್ರು” ಎಂದೆ. ಅವಳು ಹೂಂ ಅಂದಳು.

ಗಿರಣಿಗೆ ಬಂದವಳೇ ಹಲಗೆ ಒರೆಸಿದಳು. ಬುಟ್ಟಿ ಇಟ್ಟುಕೊಂಡು ಕೂತವರು ಏಳೆಂಟು ಜನ ಆಗಲೇ ಇದ್ದರು. ಅವರ ಕಣ್ಣ ಮುಂದೆಯೇ ಬರೆದಳು: “ನಿನ್ನೆ ಬನ್ನಿಯ ಬಗ್ಗೆ ಬರೆದ ಸುದ್ದಿ ಸುಳ್ಳು. ವಿಚಾರಿಸದೆ ಬರೆಯಿಸಿದ್ದು ನನ್ನ ತಪ್ಪು. ಗೌರವ್ವ.” ನಾನು ಬಾಗಿಲ ಮರೆಯಲ್ಲಿ ಕಾಯುತ್ತ ನಿಂತಿದ್ದೆ, ಮುಂದಿನ ಸಾಲಿನಲ್ಲಿ ನನ್ನ ಹೆಸರು ಬರುತ್ತದೆಂದು. ಅವಳು ಖಡುವನ್ನು ಗೂಡಿನಲ್ಲಿಟ್ಟು ಕೈ ಜಾಡಿಸಿಕೊಂಡಳು. ಒಳಗೆ ಬಂದಾಗ ಸೆರಗು ಹಿಡಿದು, “ಅತ್ತಿ, ನನ್ನ ಹೆಸರು ಯಾಕ ಬರೀಲಿಲ್ಲ?” ಎಂದು ಕೇಳಿದೆ.

“ಹಲಗಿ ನಂದು. ಅದರ ಮ್ಯಾಲಿನ ತಪ್ಪೂ ನಂದಽ” ಎಂದಳು. “ಹೋಗು, ಮಾರಿ ತೊಳ್ಕೊ.”

ಆ ಬರಹವನ್ನು ಅವಳು ದೀಪಾವಳಿಯ ತನಕ ಒರೆಸಲಿಲ್ಲ. ಮಾಮಾ ಎರಡು ಸಲ ಹೇಳಿದರು, “ಮಂದಿ ಓದಿ ಆತಲ್ಲ, ತಗಿ ಇನ್ನ.” ಅವಳು ಕೇಳಲಿಲ್ಲ, ಕಿವಿ ಮಂದವಾದದ್ದು ಅವಳದೇ ಎಂಬಂತೆ. ಮಂದಿ “ಬಂಗಾರದ ಗಿರಣಿ” ಎಂದು ನಗೆಯಾಡಿದರು. ಕೆಲವರು ಬುಟ್ಟಿ ಹೊತ್ತುಕೊಂಡು ಇನ್ನೊಂದು ಗಿರಣಿಗೆ ನಡೆದರು. ಅವಳು ಪ್ರತಿದಿನ ಆ ಹಲಗೆಯ ಕೆಳಗೇ ಕೂತು ಪಾಳಿ ನೋಡಿದಳು. ಸಂಜೆ ಕೊಡ ಹೊತ್ತು ಹೋಗಿ ಬನ್ನಿಯ ಬುಡಕ್ಕೆ ನೀರು ಹಾಕಿ ಬರುತ್ತಿದ್ದಳು. ಆ ಗಿಡ ನೀರು ಬೇಡುವಂಥದ್ದಲ್ಲ, ಅದು ಅವಳಿಗೂ ಗೊತ್ತಿತ್ತು.

ದೀಪಾವಳಿಗೆ ಹಲಗೆ ಒರೆಸಿ ಹೊಸದು ಬರೆದಳಂತೆ: ಸೂರ್ಯನ ಬೆಳಕು ನಮ್ಮ ಮನೋಳಿಗೆ ಬರಲು ಎಂಟು ನಿಮಿಷ ಹಿಡಿಯುತ್ತದೆ. ಒಬ್ಬ ಮುದುಕ ಅದನ್ನು ಓದಿಸಿ ಕೇಳಿ, “ಸವದತ್ತಿ ಬಸ್ಸಿಗಿಂತ ಚಲೋ ಆತು” ಎಂದನಂತೆ. ಆಮೇಲೆ ತನ್ನ ಬುಟ್ಟಿಯನ್ನು ಪಾಳಿಯಲ್ಲಿಟ್ಟು, “ತಪ್ಪಾಗೇತಿ ಅಂತ ಬರದ ಹಲಗಿ ನಾ ಇದೊಂದಽ ನೋಡೇನಿ. ಇನ್ನ ಮ್ಯಾಲ ಇದರ ಮ್ಯಾಲಿಂದು ಜಾಸ್ತಿ ನಂಬತೇನಿ” ಎಂದನಂತೆ. ಹೋದವರು ಒಬ್ಬೊಬ್ಬರೇ ಮರಳಿದರು. ಮುಂದಿನ ದಸರೆಗೆ ಬನ್ನಿ ಮತ್ತೆ ಚಿಗುರಿ ನಿಂತಿತ್ತು, ಮುರಿದ ಟೊಂಗೆಗಳ ಜಾಗ ಮಾತ್ರ ಬೋಳಾಗಿಯೇ ಇತ್ತು.

ನಾನು ಬೆಳೆದೆ. ಬಿಎಸ್ಸಿ ಮಾಡಿದೆ, ಟೀಚರಾದೆ, ಬೈಲಹೊಂಗಲದಲ್ಲೇ ಹೆಡ್‌ಮಾಸ್ತರಿಣಿಯಾಗಿ ನಿವೃತ್ತಳಾದೆ. ಮಕ್ಕಳಿಗೆ ಮೊದಲ ಪಾಠ ಯಾವಾಗಲೂ ಒಂದೇ: ಯಾರು ಹೇಳಿದರು, ಎಲ್ಲಿ ನೋಡಿದರು, ಕೇಳಿ ತಿಳಿಯದೆ ಬರೆಯಬೇಡಿರಿ. ಆ ಪಾಠಕ್ಕಾಗಿ ನನಗೆ ಹೆಸರೂ ಬಂತು. ಆದರೆ “ಟೀಚರ್, ನೀವು ಎಂದರ ಸುಳ್ಳು ಹೇಳೀರೇನ್ರಿ?” ಎಂದು ಯಾವ ಹುಡುಗಿಯಾದರೂ ಕೇಳಿದರೆ, ಪುಸ್ತಕದ ಮೂವತ್ತೆರಡನೆಯ ಪುಟ ತೆಗೆಯಿರಿ ಎನ್ನುತ್ತಿದ್ದೆ. ಮೂವತ್ತೆರಡನೆಯ ಪುಟದಲ್ಲಿ ಏನೂ ವಿಶೇಷವಿರಲಿಲ್ಲ.

ಈಗ ಹೇಳಿ, ಈ ಸಲದ ದಸರೆಯ ಬೆಳಿಗ್ಗೆ ಆ “ಹೌದು, ಖರೆ”ಯನ್ನು ನಾನು ಹೇಗೆ ಕಳಿಸಲಿ? ಮನಸ್ಸು ಬಹಳ ಜಾಣತನದಿಂದ ವಾದ ಮಾಡಿತು. ಕಳಿಸಿದರೆ ಅತ್ತೆಗೆ ಮಾನ, ಕಸ್ತೂರಿಗೆ ಹಿಗ್ಗು, ನನಗೆ ನೆಮ್ಮದಿ. ಯಾರಿಗೆ ನಷ್ಟ? ಆದರೆ ಇಪ್ಪತ್ತು ದಿನ ತನ್ನ ತಪ್ಪಿನ ಕೆಳಗೆ ಕೂತು ಜೋಳ ಬೀಸಿದ ಹೆಂಗಸಿಗೆ ನಾನು ಕೊಡಲು ಹೊರಟದ್ದು ಒಂದು ಸುಳ್ಳು ಸನ್ಮಾನ. ಬನ್ನಿಯ ಎಲೆಯಲ್ಲಿ ಬಂಗಾರ ಇದೆ ಎಂದು ಆಗಲೂ ಯಾರೂ ಕಂಡಿರಲಿಲ್ಲ, ಈಗಲೂ ಕಂಡಿಲ್ಲ. ಕಸ್ತೂರಿಯ ಹಬ್ಬ ಹಾಳಾಗುತ್ತದೆಂದು ಗೊತ್ತಿತ್ತು. ಬರೆದದ್ದನ್ನು ಅಳಿಸಿದೆ. ಹೀಗೆ ಬರೆದೆ:

“ನೀಲಗಿರಿಯ ಸುದ್ದಿ ನಿಜ. ಬನ್ನಿಯದು ನಿಜವಲ್ಲ. ಐವತ್ತು ವರ್ಷದ ಹಿಂದೆ ಗೌರತ್ತೆಯ ಹಲಗೆಯ ಮೇಲೆ ಬಂದದ್ದು ನಾನು ಕಟ್ಟಿದ ಸುಳ್ಳು. ಪತ್ರಿಕೆಯಲ್ಲಿ ನೋಡಿದ್ದೇನೆಂದು ಹೇಳಿ ಬರೆದವಳು ನಾನೇ. ಅತ್ತೆ ನನ್ನ ಹೆಸರು ಹೇಳದೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ಎಲ್ಲರಿಗೂ ದಸರೆಯ ಶುಭಾಶಯಗಳು.”

ಕಳಿಸಿದೆ. ಗುಂಪು ಗಪ್ ಆಯಿತು. ಸಿಂಹವಿಲ್ಲ, ಹೂವಿಲ್ಲ, ದೀಪವಿಲ್ಲ. ಕಟಕೋಳದ ಭಾವನವರು ಏನೋ ಕಳಿಸಿ ಮತ್ತೆ ತೆಗೆದುಬಿಟ್ಟರು. ಸ್ವಲ್ಪ ಹೊತ್ತಿಗೆ ಕಸ್ತೂರಿಯ ಫೋನು ಬಂತು.

“ಅಕ್ಕಾ, ನೀ ಬರದಿದ್ದು ಖರೇನು?”

“ಖರೇ ಐತಿ, ಕಸ್ತೂರಿ.”

“ಯಾಕ ಮಾಡಿದ್ದಿ ಹಂಗ?”

“ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ. ನಿನಗ ಶಾಬಾಸ್ ಅಂದಿದ್ರಲ್ಲ, ಅದಕ್ಕ.”

ಅವಳು ನಗಲಿಲ್ಲ. “ಸಾಲ್ಯಾಗ ನನಗ ಬಂಗಾರವ್ವ ಅಂತ ಕಾಡಿದ್ರು. ಏಳನೇ ಇಯತ್ತೆ ಮುಗಿಯೂತನಕಾ. ‘ಸುಳ್ಳು ಗಿರಣಿ ಮಗಳು’ ಅಂತಿದ್ರು. ಗೊತ್ತಿತ್ತೇನು ನಿನಗ?”

ಗೊತ್ತಿರಲಿಲ್ಲ. ಸೂಟಿ ಮುಗಿದ ಮೇಲೆ ನಾನು ಬೈಲಹೊಂಗಲಕ್ಕೆ ಬಂದುಬಿಟ್ಟಿದ್ದೆ. ಉಂಡಿಯ ಅರ್ಧ ಕೊಟ್ಟ ಹುಡುಗಿ ನನ್ನ ಪಾಲಿನ ಬೈಗುಳವನ್ನು ನಾಲ್ಕು ವರ್ಷ ತಿಂದಿದ್ದಳು. “ತಪ್ಪಾತು ಕಸ್ತೂರಿ” ಎಂದೆ.

ಆಮೇಲೆ ಅವಳ ದನಿ ಬೇರೆಯೇ ತೆರನಾಯಿತು.

“ಹಂಗಾದ್ರ ನಮ್ಮವ್ವ ಸುಳ್ಳು ಬರದಿದ್ದಿಲ್ಲ?”

“ಇಲ್ಲ.”

“ನಾ ಇಷ್ಟ ದಿನಾ ತಿಳದಿದ್ದೆ, ಅಕಿಯಽ ಎಲ್ಲೆರ ಗಾಳಿ ಸುದ್ದಿ ಕೇಳಿ ಬರದಾಳ, ಆಮ್ಯಾಲ ಸಿಕ್ಕೊಂಡಾಳ ಅಂತ. ಹಂಗಲ್ಲ ಹಂಗಾದ್ರ? ನಿನ್ನ ಸಲುವಾಗಿ ತಾ ಮುಂದ ನಿಂತಿದ್ಲು?”

“ಹೌದು. ನನ್ನ ಸಲುವಾಗಿ.”

“ಅವ್ವಾ!” ಎಂದು ಅವಳು ಕೂಗಿದ್ದು ಫೋನು ಇಲ್ಲದಿದ್ದರೂ ಬೈಲಹೊಂಗಲಕ್ಕೆ ಕೇಳುತ್ತಿತ್ತು. ನಡೆದು ಹೋದ ಸಪ್ಪಳ, ಬಾಗಿಲು ಸರಿದ ಸಪ್ಪಳ. ಫೋನು ಅವಳ ಕೈಯಲ್ಲೇ ಇತ್ತು. “ಅವ್ವಾ, ಅಕ್ಕ ಎಲ್ಲಾ ಹೇಳಿದ್ಲು. ಆ ಬನ್ನಿ ಸುದ್ದಿ ಅಕಿ ಕಟ್ಟಿದ್ದಂತ. ನಿನಗ ಆವತ್ತಽ ಗೊತ್ತಿತ್ತಂತ. ಇಷ್ಟ ವರ್ಷ ನನ್ನ ಮುಂದರ ಯಾಕ ಹೇಳಲಿಲ್ಲಬೇ?” ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಬಹುಶಃ ಎರಡೂ.

ಗೌರತ್ತೆಯ ದನಿ ಬಂತು. ಎಂಬತ್ತೈದರ ದನಿ, ಆದರೆ ಗಿರಣಿಯ ಸದ್ದನ್ನು ಮೀರಿ ಪಾಳಿ ಕೂಗಿದ ಗಂಟಲು, ಇನ್ನೂ ಗಟ್ಟಿಯಾಗಿತ್ತು.

“ನಾ ಯಾಕ ಹೇಳ್ಲಿ? ಹೇಳೂದು ಅಕಿ ಕೆಲಸ ಇತ್ತು. ಹೇಳ್ತಾಳ ಅಂತ ಗೊತ್ತಿತ್ತು ನನಗ.”

ನಾನು ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಐವತ್ತು ವರ್ಷ ಅವಳು ನನ್ನನ್ನು ನಂಬಿಕೊಂಡು ಕೂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಮನೋಳಿಯ ಬಸ್ಸು ಎಷ್ಟು ಹೊತ್ತಿಗೆಂದು ಮಗನನ್ನು ಕೇಳಿದೆ.